ದಿನಾ ನಡೆದರೂ ಮೂಳೆ ಸವೆಯುವುದೇಕೆ?

ಪ್ರಶ್ನೆ: ನನಗೆ 54 ವರ್ಷ, ಮುಟ್ಟು ನಿಂತು ಮೂರು ವರ್ಷವಾಯಿತು. ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ತಪ್ಪಿಸಿದವಳಲ್ಲ. ಆದರೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಸೊಂಟದ ಟಿ-ಸ್ಕೋರ್ ಮೈನಸ್ 1.8 ಬಂದಿದೆ. ಇಷ್ಟು ದಿನ ನಡೆದದ್ದು ದಂಡವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಂಡವಲ್ಲ, ಹೃದಯಕ್ಕೆ, ಸಕ್ಕರೆಗೆ ಅದು ಬೇಕೇ ಬೇಕು. ಮೂಳೆಯ ಲೆಕ್ಕ ಮಾತ್ರ ಬೇರೆ. ಮುಟ್ಟು ನಿಂತ ಮೊದಲ ಕೆಲವು ವರ್ಷ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಟಿ-ಸ್ಕೋರ್ ಎಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ. ನಿಮ್ಮದಿನ್ನೂ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ) ಅಲ್ಲ, ಅದು ಮೈನಸ್ 2.5ರಿಂದ ಕೆಳಗೆ.

ಮೂಳೆಯ ಜೀವಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಸ್ಟಿಯೊಸೈಟ್‌ಗಳು. ಗಟ್ಟಿ ಮೂಳೆಯೊಳಗಿನ ಪುಟ್ಟ ಗೂಡುಗಳಲ್ಲಿ ಕೂತು, ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳಲ್ಲಿ ಒಂದಕ್ಕೊಂದು ಕೈ ಚಾಚಿಕೊಂಡಿರುತ್ತವೆ. ಭಾರ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಾಲುವೆಯ ದ್ರವ ಸರ್ರನೆ ಸರಿಯುತ್ತದೆ. ಕೋಶಕ್ಕೆ ಆ ಹರಿವೇ ಊಟ, ಅದೇ ಸುದ್ದಿ. ಸುದ್ದಿ ಮುಟ್ಟಿದ ಕೋಶ ಸ್ಕ್ಲೆರೋಸ್ಟಿನ್ ಎಂಬ ಪ್ರೊಟೀನನ್ನು ಕಡಿಮೆ ಮಾಡುತ್ತದೆ. ಮೂಳೆ ಕಟ್ಟುವ ಕೋಶಗಳಿಗೆ ಬ್ರೇಕು ಹಾಕುವುದು ಇದೇ ಪ್ರೊಟೀನು. ಭಾರವೇ ಬೀಳದಿದ್ದರೆ ಆಸ್ಟಿಯೊಸೈಟ್ ಸಾಯುತ್ತದೆ, ಸತ್ತ ಜಾಗಕ್ಕೆ ಮೂಳೆ ಕರಗಿಸುವ ಕೋಶಗಳು ಬರುತ್ತವೆ. ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕರಗುವುದಕ್ಕೆ ಭಾರ ಬೀಳದಿರುವುದೇ ಕಾರಣ.

ಆದರೆ ಈ ಕೋಶಗಳಿಗೆ ಬೇಗ ಬೇಸರ. ಅದೇ ರಸ್ತೆ, ಅದೇ ವೇಗ ಎಂದರೆ ಕಿವಿಗೊಡುವುದಿಲ್ಲ. ರೂಬಿನ್ ಮತ್ತು ಲ್ಯಾನಿಯನ್ ಎಂಬ ಸಂಶೋಧಕರು 1984ರಲ್ಲಿ ಹಕ್ಕಿಯ ರೆಕ್ಕೆಯ ಮೂಳೆಗೆ ಭಾರ ಕೊಟ್ಟು ನೋಡಿದಾಗ, ಮೂಳೆ ಬೆಳೆಯಲು ದಿನಕ್ಕೆ 36 ಸಲ ಸಾಕಾಯಿತು. 1800 ಸಲ ಕೊಟ್ಟರೂ ಹೆಚ್ಚೇನೂ ದಕ್ಕಲಿಲ್ಲ. ಇಲಿಗಳಲ್ಲಿ, ಮಂದವಾದ ಕೋಶ ಮತ್ತೆ ಚುರುಕಾಗಲು ಸುಮಾರು ಎಂಟು ಗಂಟೆ ಹಿಡಿಯಿತು. ಹಾಗಾಗಿ ಗಂಟೆಗಟ್ಟಲೆ ಬೇಡ. ಚುರುಕಾಗಿ, ಸ್ವಲ್ಪ ಹೊತ್ತು, ದಿನಕ್ಕೆರಡು ಸಲ ಮಾಡಿ.

ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲಿ, ಹಿಮ್ಮಡಿಗಳನ್ನು ಧಪ್ಪನೆ ನೆಲಕ್ಕೆ ಬಿಡಿ. ಬೆಳಿಗ್ಗೆ 10, ಸಂಜೆ 10. ಮೂರು ವಾರದ ಮೇಲೆ 20. ಮೆತ್ತನೆಯ ಚಾಪೆ ಹಾಸಿದರೆ ಪೆಟ್ಟನ್ನು ಅದೇ ನುಂಗುತ್ತದೆ. ಇದು ಬರೀ ಪೀಠಿಕೆ. ಸೊಂಟಕ್ಕೆ ನಿಜವಾಗಿ ತಾಗುವುದು ತೂಕ ಎತ್ತುವ ವ್ಯಾಯಾಮ. ವಾರಕ್ಕೆರಡು ದಿನ, ಫಿಸಿಯೊಥೆರಪಿಸ್ಟ್ ಕಣ್ಣೆದುರಲ್ಲೇ ಕಲಿಯಿರಿ. ಬೆನ್ನು ಬಾಗಿಸಿ ಎತ್ತಿದರೆ ಬೆನ್ನೆಲುಬೇ ಕುಸಿದೀತು. ಮೊದಲೇ ಮೂಳೆ ಮುರಿದವರು ವೈದ್ಯರನ್ನು ಕೇಳದೆ ಹಿಮ್ಮಡಿಯನ್ನೂ ಕುಟ್ಟಬಾರದು. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು ದಿನೇ ದಿನೇ ಏರಿದರೆ ನಿಲ್ಲಿಸಿ. ಬಿಡುವಿಲ್ಲದೆ ಹೇರಿದ ಭಾರಕ್ಕೆ ಮೂಳೆಯಲ್ಲಿ ಸಣ್ಣ ಬಿರುಕುಗಳು ರಿಪೇರಿಗಿಂತ ಬೇಗ ಹೆಚ್ಚಾಗುತ್ತವೆ. ಡೆಕ್ಸಾ ಮತ್ತೆ ಮಾಡಿಸಲು ಒಂದು ವರ್ಷವಾದರೂ ಕಾಯಿರಿ. ಮೂರು ತಿಂಗಳಿಗೆ ಮಾಡಿಸಿದರೆ ದುಡ್ಡು ದಂಡ.

ಪ್ರಶ್ನೆ: ಈಜಿದರೆ ಆಗದೇ?
– ಇನ್ನೊಬ್ಬರು, ಮಂಗಳೂರು

ಉತ್ತರ: ಮೂಳೆಗಲ್ಲ. ಮೈಭಾರವನ್ನು ನೀರೇ ಹೊರುತ್ತದೆ. ಈಜು ಬಿಡಬೇಡಿ, ಮನೆಗೆ ಬಂದು ಹಿಮ್ಮಡಿ ಕುಟ್ಟಿ. ಕೊಳದ ಒದ್ದೆ ಕಟ್ಟೆಯ ಮೇಲೆ ಮಾತ್ರ ಬೇಡ.