ಒಂದೇ ಬ್ಯಾಂಡ್‌ನ ಸದ್ದು ಆಲ್ಬಂನಿಂದ ಆಲ್ಬಂಗೆ ಬದಲಾಗುವುದು ಯಾಕೆ?

ಮುಖ್ಯವಾಗಿ, ಅವರು ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್ ನೋಡಿ. 1963ರ ಮೊದಲ ಆಲ್ಬಂನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದರು, ವೇದಿಕೆ ಮೇಲೆ ನುಡಿಸಿದ ಹಾಗೇ. ಕೊನೆಯ ಹಾಡಿನಲ್ಲಿ ಬ್ಯಾಂಡ್‌ನ ಗಾಯಕ ಜಾನ್ ಲೆನನ್ ಗಂಟಲು ಕಿತ್ತುಹೋದಂತೆ ಕೇಳಿಸುತ್ತದೆ. ನನಗೆ ಅದೇ ಜಾಸ್ತಿ ಇಷ್ಟ. 1965ರಲ್ಲಿ ಅವರ ಹಾಡಿಗೆ ಸಿತಾರ್ ಬಂತು. 1966ರಲ್ಲಿ ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು. ಇನ್ನು ವೇದಿಕೆಯಲ್ಲಿ ನುಡಿಸಲು ಆಗುತ್ತೋ ಇಲ್ಲವೋ ಎಂಬ ಚಿಂತೆಯೇ ಇಲ್ಲ, ಅಲ್ವಾ? 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂಗಾಗಿ ತಿಂಗಳುಗಟ್ಟಲೆ ಸ್ಟುಡಿಯೋದಲ್ಲೇ ಕೂತು, ನಾಲ್ಕು ಟ್ರ್ಯಾಕ್‌ನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ದಾಖಲಿಸುವ ಯಂತ್ರದಲ್ಲಿ ಒಂದರ ಮೇಲೊಂದು ಸದ್ದು ಪೇರಿಸಿದರು.

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ಜಡಿಮಳೆಯ ಸಂಜೆ ಆ ಮೊದಲ ಆಲ್ಬಂ, ‘ಸಾರ್ಜೆಂಟ್ ಪೆಪ್ಪರ್ಸ್’ ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಎರಡನೆಯದರ ಕಡೆಯ ಪಿಯಾನೋ ಸ್ವರ 40 ಸೆಕೆಂಡ್ ದಾಟಿ ಎಳೆಯುತ್ತದೆ. ಅದು ನಿಂತದ್ದೆಲ್ಲಿ, ಹೆಂಚಿನ ಮೇಲಿನ ಮಳೆ ಶುರುವಾದದ್ದೆಲ್ಲಿ ಅಂತ ಗೊತ್ತಾಗಲೇ ಇಲ್ಲ.