ಹಳೆಯ ಸ್ಯಾಂಟ್ರೋದ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನು ನಾನೇ ಬದಲಿಸಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾರು 2005ರ ಸ್ಯಾಂಟ್ರೋ ಝಿಂಗ್. ಬಿಸಿಲಿನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪಿಕಪ್ ಕಳೆದುಕೊಂಡು ನಿಂತುಬಿಡುತ್ತದೆ, ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಟ್ಯಾಂಕಿನೊಳಗಿನ ಪಂಪ್ ಹೋಗಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. ಅದನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನೀವೇ ಬದಲಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬದಲಿಸಿಕೊಳ್ಳಬಹುದು, ಆದರೆ ನೆಲಮಾಳಿಗೆಯಲ್ಲಿ ಬೇಡವೇ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಪಂಪ್ ನಿಜವಾಗಿಯೂ ಹೋಗಿದೆಯೇ ಎಂಬುದನ್ನು ಹತ್ತು ನಿಮಿಷ ಖರ್ಚು ಮಾಡಿ ಖಚಿತಪಡಿಸಿಕೊಳ್ಳಿ. ಆ ಹತ್ತು ನಿಮಿಷ ಉಳಿಸಲು ಹೋಗಿ ಒಳ್ಳೆಯ ಪಂಪೊಂದನ್ನು ಗುಜರಿಗೆ ಹಾಕಿದವನು ನಾನು.

ನನ್ನದೂ ಅದೇ ಕಾರು, 2007ರ ಮಾದರಿ. ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದಂತೆ ಎಂಜಿನ್ ಎರಡು ಸಲ ಮುಗ್ಗರಿಸಿ ಸತ್ತಿತು. ಲಾರಿಗಳ ಸಾಲಿನ ನಡುವೆ ಅರ್ಧ ಗಂಟೆ ನಿಂತೆವು. ತಣ್ಣಗಾದ ಮೇಲೆ ಅದು ತಾನಾಗಿಯೇ ಹೊರಟಿತು. ಊರಿಗೆ ಬಂದು ಗ್ಯಾರೇಜಿಗೆ ಬಿಟ್ಟಾಗ ಅಲ್ಲಿನ ಹುಡುಗ ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರನ್ನು ಕಿತ್ತು, ಅದಕ್ಕೆ ಮೀಟರಿನ ಕಡ್ಡಿಗಳನ್ನು ಚುಚ್ಚಿ, 'ಹನ್ನೆರಡು ವೋಲ್ಟ್ ಬರ್ತಿದೆ ಸಾರ್, ಪಂಪೇ ಹೋಗಿದೆ' ಎಂದ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, ಹೌದೌದು ಎಂದು ತಲೆಯಾಡಿಸಿದೆ. ಹೊಸ ಪಂಪ್ ಬಂತು. ಒಂಬತ್ತನೆಯ ದಿನ ಕಾರು ಮತ್ತೆ ನಿಂತಿತು.

ಆಮೇಲೆ ಮನೆಯ ಅಂಗಳದಲ್ಲಿ ನಾನೇ ಸೀಟು ಎತ್ತಿ ನೋಡಿದರೆ, ಕನೆಕ್ಟರಿನ ಒಂದು ಪಿನ್ನು ನೀಲಿಗಟ್ಟಿ ಕಂದಾಗಿತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ಕು, ಒಲೆಯ ಪಕ್ಕ ಬಿಟ್ಟ ಹವಾಯಿ ಚಪ್ಪಲಿಯ ಹಾಗೆ ಕರಗಿ ಸೊಟ್ಟಗಾಗಿತ್ತು. ಇಂಥ ಪಂಪು ಓಡುವಾಗ ಸುಮಾರು ಐದು ಆಂಪಿಯರ್ ಕರೆಂಟು ಎಳೆಯುತ್ತದೆ. ಸಡಿಲವಾದ ಪಿನ್ನಿನಲ್ಲಿ ಬರೇ ಅರ್ಧ ಓಮ್ ರೋಧ ಹುಟ್ಟಿಕೊಂಡರೆ ಎರಡೂವರೆ ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ, ಮತ್ತು ಕಡಲೆಬೀಜದಷ್ಟು ಜಾಗದಲ್ಲಿ ಹನ್ನೆರಡೂವರೆ ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಶಾಖಕ್ಕೆ ಪಿನ್ನಿನ ಬಿಗಿ ಇನ್ನಷ್ಟು ಸಡಿಲವಾಗುತ್ತದೆ, ರೋಧ ಇನ್ನಷ್ಟು ಏರುತ್ತದೆ, ಕೊನೆಗೆ ಪಂಪು ಸೋತು ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ತಿರುಗುತ್ತದೆ. ಆದರೆ ಕನೆಕ್ಟರನ್ನು ಕಿತ್ತು ಅಳೆದಾಗ ಕರೆಂಟು ಹರಿಯುವುದೇ ಇಲ್ಲ. ಕರೆಂಟು ಹರಿಯದಿದ್ದರೆ ವೋಲ್ಟೇಜು ಬೀಳುವುದೂ ಇಲ್ಲ. ಹಾಗಾಗಿ ಸುಟ್ಟ ಪಿನ್ನು ಕೂಡ ಹನ್ನೆರಡು ವೋಲ್ಟ್ ತೋರಿಸುತ್ತದೆ. ಓಮನ ನಿಯಮದ ಮೊದಲ ಪಾಠವಿದು. ಗ್ಯಾರೇಜಿನ ಹುಡುಗನಿಗೆ ತಿಳಿಯಲಿಲ್ಲವೆಂದು ದೂರಲು ನನಗೆ ಯಾವ ನೈತಿಕ ಹಕ್ಕೂ ಇಲ್ಲ. ಹೊಸ ಪಂಪ್ ಹಾಕಿದ ಮೇಲೆ ಒಂಬತ್ತು ದಿನ ಓಡಿದ್ದಕ್ಕೂ ಕಾರಣ ಸರಳ: ಕಿತ್ತು ಮತ್ತೆ ಚುಚ್ಚುವಾಗ ಪಿನ್ನಿನ ಮೇಲಿನ ಕಿಲುಬು ಉಜ್ಜಿಹೋಗಿ ಕೆಲವು ದಿನದ ಮಟ್ಟಿಗೆ ಸಂಪರ್ಕ ಸರಿಯಾಗಿತ್ತು.

ಆದ್ದರಿಂದ ಅಳತೆಯನ್ನು ಪಂಪು ಓಡುತ್ತಿರುವಾಗಲೇ ಮಾಡಬೇಕು. ಕನೆಕ್ಟರನ್ನು ಕೀಳದೆ, ತಂತಿ ಒಳಹೋಗುವ ಹಿಂಬದಿಯಿಂದ ಸಣ್ಣ ಗುಂಡುಸೂಜಿಯನ್ನು ತೂರಿಸಿ, ಎಂಜಿನ್ ಓಡುತ್ತಿರುವಾಗ ಪಂಪಿನ ಎರಡು ತಂತಿಗಳ ನಡುವಿನ ವೋಲ್ಟೇಜನ್ನು ನೋಡಿ. ಟ್ಯಾಂಕ್ ಮುಚ್ಚಿಯೇ ಇರಬೇಕು, ಸುತ್ತ ಪೆಟ್ರೋಲ್ ವಾಸನೆ ಇರಬಾರದು, ಎರಡು ಸೂಜಿಗಳು ಒಂದಕ್ಕೊಂದು ತಾಗಬಾರದು. ಪಂಪಿನ ತಂತಿಗಳು, ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳಿನ ತಂತಿಗಳಿಗಿಂತ ದಪ್ಪ ಇರುತ್ತವೆ. ಅದೇ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ಅಳೆದ ವೋಲ್ಟೇಜಿಗೂ ಇದಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಕರೆಂಟು ಹರಿಯುವ ದಾರಿಯಲ್ಲಿದೆ: ಫ್ಯೂಸಿನ ಕಾಲು, ರಿಲೇ, ಕನೆಕ್ಟರ್, ಇಲ್ಲವೇ ಕಾರಿನ ಮೈತಗಡಿಗೆ ಬೋಲ್ಟ್ ಮಾಡಿರುವ ಅರ್ಥ್ ತಂತಿ. ಹಳೆಯ ಕಾರುಗಳಲ್ಲಿ ಈ ಅರ್ಥ್ ಬೋಲ್ಟು ತುಕ್ಕು ಹಿಡಿದಿರುವುದು ತೀರಾ ಸಾಮಾನ್ಯ.

ಬಿಸಿಯಾದಾಗ ನಿಲ್ಲುವುದಕ್ಕೆ ಇನ್ನೊಬ್ಬ ಆರೋಪಿಯೂ ಇದ್ದಾನೆ, ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಅದು ಕೆಟ್ಟಾಗ ಎಂಜಿನ್ ಸ್ವಿಚ್ ಆಫ್ ಮಾಡಿದಂತೆ ಥಟ್ಟನೆ ಸಾಯುತ್ತದೆ; ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸಿ, ಎಳೆತ ಕಳೆದುಕೊಂಡು, ಆಮೇಲೆ ಸಾಯುತ್ತದೆ. ಪಿಕಪ್ ಹೋಗಿ ನಿಲ್ಲುತ್ತದೆ ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನವೂ ಪೆಟ್ರೋಲಿನ ಕಡೆಗೇ ಇದೆ. ಮುಂದಿನ ಸಲ ನಿಂತಾಗ ಕಿಟಕಿ ಮುಚ್ಚಿ, ಹಿಂದಿನ ಸೀಟಿಗೆ ಕಿವಿಗೊಟ್ಟು, ಬೇರೊಬ್ಬರಿಂದ ಕೀಲಿ ತಿರುಗಿಸಿಸಿ. ಬಹುಪಾಲು ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಕಾರುಗಳಲ್ಲಿ ಕೀಲಿ ಆನ್ ಮಾಡಿದಾಗ ಒಂದೆರಡು ಸೆಕೆಂಡ್ ಪಂಪಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಕೆಲವದರಲ್ಲಿ ಸೆಲ್ಫ್ ತಿರುಗುವಾಗ ಮಾತ್ರ. ಸದ್ದಿದ್ದೂ ಎಂಜಿನ್ ಹಿಡಿಯದಿದ್ದರೆ ಒತ್ತಡದ ಗೇಜ್ ಹಾಕಿಸಿ. ಇಂಥ ಎಂಜಿನ್ನುಗಳಿಗೆ ಸುಮಾರು ಮೂರು ಬಾರ್ ಒತ್ತಡ ಬೇಕು. ಸರಿಯಾದ ಅಂಕಿಯನ್ನು ನಿಮ್ಮ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ. ವೋಲ್ಟೇಜು ಸರಿಯಿದ್ದು, ಫಿಲ್ಟರ್ ಕಟ್ಟಿಕೊಳ್ಳದೆ, ಒತ್ತಡ ಮಾತ್ರ ಇಳಿದಿದ್ದರೆ ಆಗ ಪಂಪನ್ನು ಬದಲಿಸಿ.

ಪಂಪು ಸಾಯುವುದಕ್ಕೆ ನಮ್ಮ ಅಭ್ಯಾಸವೂ ಒಂದು ಕಾರಣ. ಕಾರ್ಬ್ಯುರೇಟರ್ ಕಾಲದಲ್ಲಿ ಎಂಜಿನ್ನಿನ ಪಕ್ಕದಲ್ಲಿದ್ದ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿತ್ತು. ಬಿಸಿಗೆ ಕೊಳವೆಯಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಪಂಪನ್ನು ಟ್ಯಾಂಕಿನೊಳಗೇ ಮುಳುಗಿಸಿ, ಒತ್ತಡದಿಂದ ತಳ್ಳುವ ವ್ಯವಸ್ಥೆ ರೂಢಿಗೆ ಬಂತು. ಒಳಗಿರುವುದು ಬ್ರಷ್ ಇರುವ ಸಾಮಾನ್ಯ ಡಿಸಿ ಮೋಟರು. ಪೆಟ್ರೋಲ್ ಅದರ ಮೈಯೊಳಗಿಂದಲೇ ಹರಿದು ಹೋಗುತ್ತದೆ, ಅದನ್ನು ತಂಪಾಗಿಡುವುದೂ ಜಾರುವಂತೆ ಮಾಡುವುದೂ ಆ ಪೆಟ್ರೋಲೇ. ಸದಾ ರಿಸರ್ವಿನಲ್ಲಿ ಓಡಿಸಿದರೆ ಪಂಪು ಬಿಸಿಯೇರುತ್ತದೆ, ತಳದ ಕಸವನ್ನೂ ಎಳೆದುಕೊಳ್ಳುತ್ತದೆ. ಇನ್ನು, ಈಗ ಬಂಕಿನಲ್ಲಿ ಸಿಗುವ, ಶೇಕಡಾ ಇಪ್ಪತ್ತರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ವಿಚಾರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಅದರ ಮಾರಾಟಕ್ಕೆ ಚಾಲನೆ ಸಿಕ್ಕಿತು; ನಮ್ಮ ಕಾರುಗಳು ಅದಕ್ಕೂ ಎಷ್ಟೋ ವರ್ಷ ಮೊದಲಿನವು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರಿಗೆ ಒಗ್ಗುವುದಿಲ್ಲ. ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲವಾದರೂ, ಟ್ಯಾಂಕ್ ಹೇಗೂ ತೆರೆಯುತ್ತೀರಿ, ಒಳಗಿನ ರಬ್ಬರ್ ಭಾಗಗಳನ್ನು ಹೊಸದಾಗಿ ಹಾಕುವುದು ಜಾಣತನ.

ಪಂಪ್ ಕೊಳ್ಳುವಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೂರು ದರದಲ್ಲಿ ಮೂರು ಪೆಟ್ಟಿಗೆ ತೋರಿಸುತ್ತಾರೆ. ತೀರಾ ಅಗ್ಗದ್ದನ್ನು ಬಿಡಿ. ಡೂಪ್ಲಿಕೇಟ್ ಮಾಲು ಓಡುತ್ತದೆ, ಆದರೆ ಘಾಟಿ ಏರುವಾಗ ಒತ್ತಡ ಹಿಡಿದಿಡುವುದಿಲ್ಲ. ಪಂಪಿನ ಜೊತೆಗೆ ಕಾಲುಚೀಲದಂತಹ ಜಾಲರಿ ಫಿಲ್ಟರು ಮತ್ತು ಮುಚ್ಚಳದ ಓ-ರಿಂಗನ್ನು (ಸೋರದಂತೆ ತಡೆಯುವ ರಬ್ಬರ್ ಬಳೆ) ತಪ್ಪದೆ ಕೇಳಿ ಪಡೆಯಿರಿ. ಪೆಟ್ರೋಲ್ ಕುಡಿದು ಊದಿಕೊಂಡ ಹಳೆಯ ಓ-ರಿಂಗ್ ತನ್ನ ತೋಡಿನಲ್ಲಿ ಮತ್ತೆ ಕೂರುವುದಿಲ್ಲ. ಪಂಪಿನಿಂದ ಮುಚ್ಚಳಕ್ಕೆ ಹೋಗುವ ತುಂಡು ಪೈಪನ್ನು ಬದಲಿಸುವುದಾದರೆ ಅದರ ಮೇಲೆ ಎಸ್‌ಎಇ ಜೆ30 ಆರ್10 ಎಂದು ಅಚ್ಚಾಗಿರಬೇಕು. ಮಾಮೂಲಿ ಪೆಟ್ರೋಲ್ ಪೈಪಿನ ಒಳಮೈ ಮಾತ್ರ ಪೆಟ್ರೋಲನ್ನು ತಡೆಯುತ್ತದೆ. ಹೊರಮೈ ಸದಾ ಮುಳುಗಿರುವ ಕೆಲಸಕ್ಕೆ ಆರ್10 ದರ್ಜೆಯದೇ ಆಗಬೇಕು. ಇದು ಗೊತ್ತಿಲ್ಲದೆ ಸಾದಾ ಪೈಪು ಹಾಕಿದರೆ ಕೆಲವು ತಿಂಗಳಲ್ಲಿ ಅದು ಮೆತ್ತಗಾಗಿ ಸೀಳುತ್ತದೆ, ಮತ್ತು ತಪ್ಪು ಮತ್ತೆ ಪಂಪಿನ ತಲೆಗೆ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರದೆ, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು, ಮತ್ತು ನೆಲಮಾಳಿಗೆಯಲ್ಲಿ ನೀರೆತ್ತುವ ಮೋಟರು, ಲಿಫ್ಟು, ಇನ್ನೊಬ್ಬರ ಕಾರಿನ ಸೆಲ್ಫು, ಇವೆಲ್ಲ ನಿಮ್ಮ ಹತೋಟಿಯಲ್ಲಿಲ್ಲದ ಕಿಡಿಗಳು. ಮೋಟರು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಕಿಡಿ ಹಾರಿಸುತ್ತಾ ತಿರುಗುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಇರುವುದಿಲ್ಲ, ನೀವು ಮುಚ್ಚಳ ತೆಗೆದ ಮೇಲೆ ಇರುತ್ತದೆ. ಬಯಲಿನಲ್ಲಿ, ಬೆಳಗಿನ ತಂಪಿನಲ್ಲಿ, ಕಾರಿನ ಎಲ್ಲ ಬಾಗಿಲು ತೆರೆದಿಟ್ಟು ಮಾಡಿ. ಹತ್ತಿ ಬಟ್ಟೆ ತೊಡಿ, ಮೊಬೈಲನ್ನು ಮನೆಯಲ್ಲಿಡಿ, ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಂತೆ ಇರಿಸಿಕೊಳ್ಳಿ, ಜೊತೆಗೊಬ್ಬರು ಇರಲಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವ ದಿನ ನೋಡಿಕೊಳ್ಳಿ.

ಮೊದಲು ಕೊಳವೆಯಲ್ಲಿ ನಿಂತಿರುವ ಒತ್ತಡವನ್ನು ಇಳಿಸಬೇಕು. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿದರೆ, ಉಳಿದ ಪೆಟ್ರೋಲನ್ನು ಕುಡಿದು ತಾನಾಗಿ ನಿಲ್ಲುತ್ತದೆ. ಇನ್ನೊಮ್ಮೆ ಸೆಲ್ಫ್ ಹೊಡೆದು, ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ. ಪೆಟ್ರೋಲ್ ತುಂಬುವ ಕಡೆಯ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿ. ಹಿಂದಿನ ಸೀಟನ್ನು ಎತ್ತಿದರೆ ನೆಲದಲ್ಲಿ ತಗಡಿನ ಮುಚ್ಚಳ ಕಾಣುತ್ತದೆ. (ಟ್ಯಾಂಕನ್ನೇ ಕೆಳಗಿಳಿಸಬೇಕಾದ ಕಾರುಗಳೂ ಇವೆ, ಅವುಗಳ ಕೆಲಸವನ್ನು ಮನೆಯಲ್ಲಿ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.) ಆ ತಗಡಿನ ಕೆಳಗೆ ಇಪ್ಪತ್ತು ವರ್ಷದ ಧೂಳು ಕೂತಿರುತ್ತದೆ. ಅದನ್ನು ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಮರಳಿನ ಕಣವೂ ಉಳಿಯದಂತೆ ಮಾಡಿದ ಮೇಲೆಯೇ ಮುಂದಿನ ಹೆಜ್ಜೆ. ಇಲ್ಲಿ ಅವಸರ ಮಾಡಿದರೆ ಆ ಧೂಳೆಲ್ಲ ಹೊಸ ಪಂಪಿನ ಹೊಟ್ಟೆಗೆ ಹೋಗುತ್ತದೆ.

ಕನೆಕ್ಟರನ್ನೂ ಪೆಟ್ರೋಲ್ ಪೈಪುಗಳನ್ನೂ ಬಿಡಿಸುವಾಗ ಪೈಪಿನ ಸುತ್ತ ಬಟ್ಟೆ ಸುತ್ತಿಕೊಳ್ಳಿ. ಸ್ವಲ್ಪ ಪೆಟ್ರೋಲ್ ಚೆಲ್ಲಿಯೇ ಚೆಲ್ಲುತ್ತದೆ. ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಸ್ಕತ್ತಿನಂತೆ ಮುರಿಯುತ್ತವೆ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಪಂಪಿನ ಜೋಡಣೆಯನ್ನು ಹೊರತೆಗೆಯುವಾಗ ನೇರವಾಗಿ ಎಳೆಯದೆ, ಸ್ವಲ್ಪ ಎತ್ತಿ, ವಾಲಿಸಿ, ಪೆಟ್ರೋಲ್ ಮುಳ್ಳಿನ ತೇಲು ಸಿಕ್ಕಿಕೊಳ್ಳದಂತೆ ತಿರುಗಿಸುತ್ತಾ ತೆಗೆಯಿರಿ. ತೇಲನ್ನು ಹಿಡಿದಿರುವ ತಂತಿ ಬಾಗಿದರೆ ಮುಂದೆ ಟ್ಯಾಂಕ್ ಖಾಲಿಯಿದ್ದರೂ ಮೀಟರು ಅರ್ಧ ತೋರಿಸುತ್ತದೆ. ತೆರೆದ ಬಾಯಿಗೆ ಕೂಡಲೇ ಶುಭ್ರವಾದ ತಟ್ಟೆ ಮುಚ್ಚಿ. ಬಿಚ್ಚುವ ಮೊದಲೇ ಪಂಪಿನ ಪ್ಲಸ್ ಮೈನಸ್ ಯಾವ ಕಡೆಯೆಂದು ಕಾಗದದ ಮೇಲೆ ಬರೆದುಕೊಳ್ಳಿ. ಅದಲುಬದಲಾದರೆ ಪಂಪು ಹಿಮ್ಮುಖವಾಗಿ ತಿರುಗುತ್ತದೆ, ಸದ್ದು ಬರುತ್ತದೆ, ಒತ್ತಡ ಬರುವುದಿಲ್ಲ. ಟ್ಯಾಂಕಿನೊಳಗೆ ತಂತಿಗಳನ್ನು ಹೆಣೆದು ಟೇಪ್ ಸುತ್ತುವ ಪದ್ಧತಿ ಬೇಡ, ಅಂಟು ಪೆಟ್ರೋಲಿನಲ್ಲಿ ಕರಗುತ್ತದೆ. ಹೊಸ ಪಂಪನ್ನು ಕೈಯಲ್ಲಿ ಹಿಡಿದು ಬ್ಯಾಟರಿಗೆ ತಾಗಿಸಿ 'ಟೆಸ್ಟ್' ಮಾಡುವುದಂತೂ ಎರಡು ಕಾರಣಕ್ಕೆ ನಿಷಿದ್ಧ: ಒಣಗಿ ತಿರುಗಿದರೆ ಅದಕ್ಕೆ ಹಾನಿ, ಕಿಡಿ ಹಾರಿದರೆ ನಿಮಗೆ ಹಾನಿ. ಹಾಗೆಯೇ, ಕನೆಕ್ಟರಿನ ಪಿನ್ನು ಕಂದಿದ್ದರೆ ಉಜ್ಜಿ ಮತ್ತೆ ಹಾಕಬೇಡಿ; ತಂತಿಯ ತುಂಡಿನ ಸಮೇತ ಹೊಸ ಕನೆಕ್ಟರ್ ಹಾಕಿಸಿ.

ಎಲ್ಲ ಜೋಡಿಸಿ, ವಾಸನೆ ಪೂರ್ತಿ ಹೋದ ಮೇಲೆ ಬ್ಯಾಟರಿ ಸೇರಿಸಿ, ಸೆಲ್ಫ್ ಹೊಡೆಯದೆ ಕೀಲಿಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿದರೆ ಬಹುಪಾಲು ಕಾರುಗಳಲ್ಲಿ ಕೊಳವೆ ತುಂಬಿಕೊಳ್ಳುತ್ತದೆ. ಪೈಪಿನ ಸೇರುವೆಯ ಕೆಳಗೆ ಬಿಳಿಯ ಕಾಗದ ಇಟ್ಟು, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಕಾಗದ ಒದ್ದೆಯಾಗಿಲ್ಲವೆಂದು ನೋಡಿ. ತಗಡಿನ ಮುಚ್ಚಳವನ್ನು ಬಿಗಿಯಿರಿ, ಸೀಟನ್ನು ಮಾತ್ರ ಎರಡು ದಿನ ಹಾಕಬೇಡಿ. ಒಮ್ಮೆ ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡು ಬನ್ನಿ, ಏಕೆಂದರೆ ಓ-ರಿಂಗ್ ಸರಿಯಾಗಿ ಕೂತಿಲ್ಲವೆಂಬುದು ತುಂಬಿದ ಟ್ಯಾಂಕಿನಲ್ಲೇ ಗೊತ್ತಾಗುವುದು. ಮಾರನೆಯ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮೂಗಿಗೆ ಪೆಟ್ರೋಲ್ ಬಡಿಯದಿದ್ದರೆ ಸೀಟನ್ನು ಅದರ ಜಾಗದಲ್ಲಿ ಕೂರಿಸಿ.