594 ಅಂಕಕ್ಕೊಂದು ಸ್ಕೂಟರ್

(ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ದಾವಣಗೆರೆ ಜಿಲ್ಲೆಯ ಓದುಗರೊಬ್ಬರ ನಾಲ್ಕು ಪುಟದ ಪತ್ರದ ಸಾರ: ಪತಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಮೆರಿಕದಲ್ಲಿರುವ ಮೈದುನ ಊರಿಗೆ ಬಂದಾಗಲೆಲ್ಲ ಹತ್ತನೇ ತರಗತಿಯ ಮಗನಿಗೆ ಬೆಲೆಬಾಳುವ ಉಡುಗೊರೆ ತರುತ್ತಾರೆ. ಒಮ್ಮೆ ಶೂ, ಹೋದ ವರ್ಷ ಟ್ಯಾಬ್. ಈಗ "ಎಸ್ಸೆಸ್ಸೆಲ್ಸಿಯಲ್ಲಿ 95 ಪರ್ಸೆಂಟ್ ತೆಗಿ, ಸ್ಕೂಟರ್ ಕೊಡಿಸ್ತೀನಿ" ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಾರೆ. ಏಳನೇ ತರಗತಿಯ ಮಗಳಿಗೆ ಚಾಕೊಲೇಟ್ ಡಬ್ಬಿ ಬರುತ್ತದೆ. ಟ್ಯೂಷನ್ ಫೀಸಿಗೆ ಅಪ್ಪ ನಷ್ಟಕ್ಕೆ ಚೀಟಿ ಎತ್ತಿದ್ದು ಮಗನಿಗೆ ಗೊತ್ತಿಲ್ಲ, "ಅಪ್ಪ ನನಗೇನು ಕೊಡಿಸಿದಾರೆ?" ಎಂದು ಕೇಳಿದ್ದಾನೆ. ಬೇಡವೆಂದರೆ ಅತ್ತೆ "ಕೊಡೋರು ಕೊಡ್ತಾರೆ, ನಿಂಗ್ಯಾಕೆ ಸಂಕಟ" ಅನ್ನುತ್ತಾರೆ. ದುಬಾರಿ ಉಡುಗೊರೆಯಿಂದ ಮಕ್ಕಳು ಕೆಡುತ್ತಾರೆಯೇ?)

ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮದು ಸಂಕಟವೇ ಹೊರತು ಹೊಟ್ಟೆಕಿಚ್ಚಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ "ಇಲ್ಲ" ಎಂದೇ. ಬೆಲೆ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಮಕ್ಕಳು ಕೆಡುವುದನ್ನು ನಾನು ಕಂಡಿಲ್ಲ. ಹೀಗೆ ಹೇಳಲು ನನ್ನ ಮನೆಯದೇ ಒಂದು ಕಾರಣವಿದೆ.

ನಾನು ಎಸ್ಸೆಸ್ಸೆಲ್ಸಿ ಬರೆದ ಕಾಲಕ್ಕೆ ಕೈಗೆ ಎಚ್‌ಎಂಟಿ ವಾಚು ಬಂತೆಂದರೆ ಹುಡುಗ ದೊಡ್ಡವನಾದ ಎಂದು ಲೆಕ್ಕ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳು ಮದುವೆಗೆ, ನೌಕರಿಗೆ, ಪಾಸಾದದ್ದಕ್ಕೆ ಕೊಡುವ ವಸ್ತುಗಳಾಗಿದ್ದವು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಸಂಬಳಕ್ಕೆ ವಾಚು ದುಬಾರಿಯೇ. ಆ ವರ್ಷ ದೀಪಾವಳಿಗೆ ಅಮ್ಮನಿಗೆ ಸೀರೆ ಬರಲಿಲ್ಲ, ಯಾಕೆ ಬರಲಿಲ್ಲವೆಂದು ನನಗೆ ಮುಚ್ಚಿಡಲೂ ಇಲ್ಲ. ಇಷ್ಟಾಗಿ ಅಪ್ಪ ವಾಚು ಕಟ್ಟಿದ್ದು ಫಲಿತಾಂಶ ಬಂದ ಮೇಲಲ್ಲ, ಪರೀಕ್ಷೆಯ ಹಿಂದಿನ ಸಂಜೆ. "ಹಾಲ್‌ನಲ್ಲಿ ಗಡಿಯಾರ ಕಾಣದಿದ್ರೆ ನಿನಗೆ ತೊಂದರೆ ಆಗಬಾರದು" ಅಂದರು, ಅಷ್ಟೇ. ಗಣಿತದಲ್ಲಿ ನನಗೆ ಬಂದದ್ದು ಹೇಳಿಕೊಳ್ಳುವಂಥ ಅಂಕವಲ್ಲ. ವಾಚು ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಫೇಲಾಗಿದ್ದರೂ ಉಳಿಯುತ್ತಿತ್ತು.

ನಿಮ್ಮ ಮೈದುನರು ಕೊಡಲು ಹೊರಟಿರುವುದು ಹಾಗಿಲ್ಲ. 95 ಪರ್ಸೆಂಟ್ ಅಂದರೆ 625ಕ್ಕೆ 594. ನಿಮ್ಮ ಮಗ 593 ತೆಗೆದ ಅಂತಿಟ್ಟುಕೊಳ್ಳಿ. ಊರಿಗೆಲ್ಲ ಪೇಡ ಹಂಚಬೇಕಾದ ಅಂಕ ಅದು. ಆದರೆ ಅವನ ಪಾಲಿಗೆ ಆ ದಿನ ಸ್ಕೂಟರ್ ಕೈತಪ್ಪಿದ ದಿನ. ಚಿಕ್ಕಪ್ಪ ದೊಡ್ಡ ಮನಸ್ಸು ಮಾಡಿ "ಹೋಗಲಿ ಬಿಡು, ತಗೋ" ಅಂದರೂ ಒಂದು ಅಂಕಕ್ಕೆ ಸೋತವನೆಂದು ಅವನಿಗೇ ಅನಿಸಿಬಿಟ್ಟಿರುತ್ತದೆ. ಅದಕ್ಕೇ ಇದನ್ನು ಉಡುಗೊರೆ ಎನ್ನಲು ನನಗೆ ಮನಸ್ಸು ಬಾರದು. ಇದು ಕೂಲಿ, ಅದೂ ಗುತ್ತಿಗೆ ಕೂಲಿ.

ಕೂಲಿಯಿಂದ ಮಕ್ಕಳ ಆಸಕ್ತಿ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ "ಬಿಡಿಸಿದರೆ ಬಂಗಾರದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ" ಎಂದು ಮುಂಚೆಯೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬಿಡಿಸಿಯಾದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಮುಂಚೆಯೇ ಮಾತು ಕೊಟ್ಟಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ಹೇಳದೆ ಪಡೆದ ಮಕ್ಕಳ ಉತ್ಸಾಹಕ್ಕೆ ಏನೂ ಆಗಿರಲಿಲ್ಲ. ಸರ್ಟಿಫಿಕೇಟ್ ಎರಡು ಗುಂಪಿಗೂ ಒಂದೇ, ನೋಡಿ. ಮೊದಲೇ ಷರತ್ತು ಹಾಕಿದ್ದರಿಂದ ಆಟ ದುಡಿಮೆಯಾಯಿತು. ಚಿಕ್ಕ ಮಕ್ಕಳ ಸಂಗತಿ ಇದು, ಹದಿನೈದರ ಹುಡುಗನಿಗೆ ಹಾಗೆಹಾಗೆಯೇ ಅಂಟಿಸಲಾರೆ. ಆದರೂ ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಲ್ಲ, "ವಿಜ್ಞಾನದ ಪುಸ್ತಕ ಹಿಡಿದರೆ ಊಟ ಮರೆಯುತ್ತಿದ್ದವನು ಈಗ ಪ್ರಶ್ನೆಪತ್ರಿಕೆಗೆ ಬರುವುದನ್ನಷ್ಟೇ ಓದುತ್ತಾನೆ" ಎಂದು. ಆ ಸಾಲು ಓದಿದಾಗ ನನಗೆ ಈ ಅಧ್ಯಯನವೇ ನೆನಪಾಯಿತು.

ಸ್ಕೂಟರ್ ವಿಷಯಕ್ಕೆ ಬಂದರೆ, ಅದನ್ನು ಬೇಡವೆನ್ನಲು ಮನಶ್ಶಾಸ್ತ್ರವೇನೂ ಬೇಕಿಲ್ಲ. ಹದಿನಾರು ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗೇರಿಲ್ಲದ ಬಂಡಿಗೆ ಮಾತ್ರ. ಈಗ ಮಕ್ಕಳು ಬಯಸುವ ಪೆಟ್ರೋಲ್ ಸ್ಕೂಟರುಗಳು 110, 125 ಸಿಸಿಯವು, ಅವಕ್ಕೆ ಹದಿನೆಂಟು ತುಂಬಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಬಂಡಿ ಓಡಿಸಿ ಅಪರಾಧವಾದರೆ ತಪ್ಪು ಪೋಷಕರ ಅಥವಾ ಮಾಲೀಕರ ತಲೆಗೇ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಬಂಡಿಯ ನೋಂದಣಿ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. ಕೊಡಿಸಿದ ಚಿಕ್ಕಪ್ಪ ಡಾಲಸ್‌ನಲ್ಲಿದ್ದರೂ ಡೆನ್ವರ್‌ನಲ್ಲಿದ್ದರೂ ಠಾಣೆಗೆ ಹೋಗಬೇಕಾದವರು ನಿಮ್ಮ ಯಜಮಾನರು. ದಾರಿಹೋಕರಿಗೆ ಏಟಾದರೆ ವಿಮೆಯವರು ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದು. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಓದಿ ಹೇಳಿ. ಮೊಮ್ಮಗನ ಮೇಲಿನ ಪ್ರೀತಿಯಿಂದ ಆಡಿದ ಮಾತು ಅವರದು, ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಮಗ ಕೇಳಿದ ಪ್ರಶ್ನೆ. ಅದಕ್ಕೆ ನೀವು ಅತ್ತಿರಿ ಎಂದು ಬರೆದಿದ್ದೀರಿ. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಅವನಿಗೆ ಲೆಕ್ಕದ ಒಂದೇ ಕಡೆ ಕಾಣಿಸಿದ್ದೀರಿ. ಟ್ಯಾಬ್ ಕಣ್ಣಿಗೆ ಕಾಣುತ್ತದೆ, ಎತ್ತಿದ ಚೀಟಿ ಕಾಣುವುದಿಲ್ಲ. "ಮಗುವಿಗೆ ಯಾಕೆ ಈ ಚಿಂತೆ" ಎಂದು ನೀವಿಬ್ಬರೂ ಬಚ್ಚಿಟ್ಟಿದ್ದೀರಿ. ಹದಿನೈದು ವರ್ಷದವನು ಮಗುವಲ್ಲ. ಒಂದು ಭಾನುವಾರ ಯಜಮಾನರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆಯ ಲೆಕ್ಕದ ಪುಸ್ತಕ ತೆರೆಯಲಿ: ಬಾಡಿಗೆ, ಹಾಲು, ಕರೆಂಟ್ ಬಿಲ್ಲು, ಟ್ಯೂಷನ್, ಚೀಟಿಯಲ್ಲಿ ಬಿಟ್ಟುಕೊಟ್ಟ ದುಡ್ಡು. ಹಂಗಿಸಲು ಅಲ್ಲ, "ನಿನಗೋಸ್ಕರ ಎಷ್ಟು ಕಷ್ಟಪಟ್ಟೆವು" ಎಂಬ ಮಾತು ಅಲ್ಲಿ ಬರಲೇಬಾರದು. ಅಂಕಿ ಓದುವುದು, ಕೂಡುವುದು, ಅಷ್ಟೇ. ದಿನವಿಡೀ ಮಂಡಿಯಲ್ಲಿ ಇನ್ನೊಬ್ಬರ ಲೆಕ್ಕ ಬರೆಯುವ ಅಪ್ಪನ ಅಚ್ಚುಕಟ್ಟಾದ ಕೈಬರಹವನ್ನು ಅವನು ಹತ್ತಿರದಿಂದ ನೋಡಿದರೂ ಸಾಕು.

ನಾಲ್ಕು ಪುಟದಲ್ಲಿ ಮಗಳ ಬಗ್ಗೆ ಇರುವುದು ಒಂದೇ ಸಾಲು. ಅವಳಿಗೆ ಚಾಕೊಲೇಟ್ ಡಬ್ಬಿ ಬರುತ್ತದೆ, "ಅವಳು ಪಾಪ ಏನೂ ಕೇಳುವುದಿಲ್ಲ" ಎಂದು. ಪತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ಇದೇ. ಅಣ್ಣನಿಗೆ ಟ್ಯಾಬ್, ತನಗೆ ಮಿಠಾಯಿ ಎಂಬುದನ್ನು ಏಳನೇ ತರಗತಿಯ ಹುಡುಗಿ ಗಮನಿಸದೆ ಇರುತ್ತಾಳೆಯೇ? ಗಮನಿಸಿ, ಕೇಳಿ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ ಸುಮ್ಮನಾಗಿದ್ದಾಳೆ. ಕೆಡುವುದೆಂದರೆ ಇದೂ ಕೆಡುವುದೇ ಅಲ್ಲವೇ, ಸೋದರಿ?

2006-07ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ನಾನು ಹಳ್ಳಿಯ ರಸ್ತೆಗಳಲ್ಲಿ ಕಂಡ ದೃಶ್ಯ ಈಗಲೂ ಕಣ್ಣಲ್ಲಿದೆ: ಎರಡು ಜಡೆ, ಹಿಂದೆ ಬ್ಯಾಗು, ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ಹುಡುಗಿಯರು. ಆ ಮನೆಗಳ ಮಟ್ಟಿಗೆ ಹೊಸ ಸೈಕಲ್ ದುಬಾರಿ ವಸ್ತುವೇ. ಯಾರೂ ಅವರ ಅಂಕ ಕೇಳಿರಲಿಲ್ಲ.

ಮೈದುನರಿಗೆ ನೀವು ಹೇಳಲು ಹೋಗಬೇಡಿ, ಅದು ಅತ್ತಿಗೆಯ ಆಕ್ಷೇಪವಾಗಿಯೇ ಕೇಳಿಸುತ್ತದೆ. ಅಣ್ಣ ತಮ್ಮನಿಗೆ ಹೇಳಲಿ. "ನಿನ್ನ ಪ್ರೀತಿ ನಮಗೆ ಬೇಕು, ಷರತ್ತು ಬೇಡ. ಕೊಡುವುದಿದ್ದರೆ ಪರೀಕ್ಷೆಗೆ ಮುಂಚೆ ಕೊಡು, ಇಬ್ಬರಿಗೂ ಕೊಡು. ಒಂದೊಂದು ಒಳ್ಳೆಯ ಸೈಕಲ್ ಆದೀತು" ಅನ್ನಲಿ. ದೂರದಲ್ಲಿರುವವರಿಗೆ ಮಕ್ಕಳ ಜೊತೆ ಕಳೆಯಲು ದಿನಗಳಿರುವುದಿಲ್ಲ, ಆ ಕೊರತೆಯನ್ನು ಪೆಟ್ಟಿಗೆಯಲ್ಲಿ ತುಂಬಿ ತರುತ್ತಾರೆ. ಅವರನ್ನು ನೋಯಿಸುವುದು ಬೇಡ. ಮುಂದಿನ ಸಲ ಅವರ ಫೋನ್ ಬಂದಾಗ ಮೊದಲು ಮಗಳ ಕೈಗೆ ಕೊಡಿ.

— ಸಂಪಾದಕ